ಜಪಾನಿನ ಫ್ಯಾಮಿಕಾಮ್‌ನಲ್ಲಿ ಮಾರಿಯೋ ಇಷ್ಟು ಅವಸರದಲ್ಲಿ ಓಡುವುದೇಕೆ?

ಪ್ರಶ್ನೆ: ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ಯೊಕೊಹಾಮಾದಲ್ಲಿದ್ದೇನೆ. ಈಚೆಗೆ ಇಲ್ಲಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಯಂತ್ರವನ್ನು ಕೊಂಡೆ. 1983ರ ಕೆಂಪು-ಬಿಳಿ ಮಾದರಿಯಲ್ಲ, 1993ರಲ್ಲಿ ಬಂದ, ಎವಿ ತಂತಿಯಿಂದ ಟಿವಿಗೆ ಜೋಡಿಸುವ ಮಾದರಿ. ಜೊತೆಗೆ ಸೂಪರ್ ಮಾರಿಯೋ ಬ್ರದರ್ಸ್ ಮತ್ತು ಬ್ಯಾಟಲ್ ಸಿಟಿ ಎಂಬ ಎರಡು ಕ್ಯಾಸೆಟ್‌ಗಳನ್ನೂ ತಂದೆ. ಎರಡನೆಯದು ನಾವೆಲ್ಲ ‘ಟ್ಯಾಂಕ್’ ಎಂದು ಕರೆಯುತ್ತಿದ್ದ ಆಟವೇ. ಹದ್ದನ್ನು ಇಟ್ಟಿಗೆ ಗೋಡೆಯೊಳಗೆ ಕಾಯ್ದುಕೊಳ್ಳಬೇಕಾದ ಆಟ ಎಂದರೆ ಹೆಚ್ಚಿನವರಿಗೆ ನೆನಪಾದೀತು.

ಆಡಲು ಕುಳಿತಾಗ ವಿಚಿತ್ರವೊಂದು ಕಾಣಿಸಿತು. ಮಾರಿಯೋ ನನ್ನ ನೆನಪಿನಲ್ಲಿರುವುದಕ್ಕಿಂತ ಬೇಗ ಓಡುತ್ತಾನೆ, ನೆಗೆದವನು ಬೇಗ ನೆಲ ಮುಟ್ಟುತ್ತಾನೆ, ಸಂಗೀತವೂ ಅವಸರಪಡುತ್ತದೆ. 1990ರ ದಶಕದ ಮಧ್ಯದಲ್ಲಿ, ಬೇಸಿಗೆ ರಜೆಯ ಮಧ್ಯಾಹ್ನಗಳನ್ನೆಲ್ಲ ನಾನು ಮತ್ತು ನನ್ನ ಅಣ್ಣ ದಾವಣಗೆರೆಯ ಮನೆಯಲ್ಲಿ ಟಿವಿ ಗೇಮಿನ ಮುಂದೆ ಕಳೆದಿದ್ದೇವೆ. ಮೊದಲ ಹಂತದ ಪ್ರತಿ ಹೊಂಡವನ್ನೂ ಯಾವಾಗ ನೆಗೆಯಬೇಕೆಂದು ತಲೆಗಿಂತ ಹೆಚ್ಚಾಗಿ ಬೆರಳಿಗೆ ಗೊತ್ತಿತ್ತು. ಅದೇ ಬೆರಳು ಈಗ ಪ್ರತಿ ಸಲವೂ ತುಸು ತಡವಾಗಿ ಒತ್ತುತ್ತದೆ. ಇದು ವಯಸ್ಸಿನ ಪರಿಣಾಮವೆಂದು ಅಣ್ಣ ಫೋನಿನಲ್ಲಿ ನಗುತ್ತಾನೆ. ಆದರೆ ಸಂಗೀತದ ನಾದವೂ ಬೇರೆಯಾಗಿ ಕೇಳಿಸುವುದಕ್ಕೆ ವಯಸ್ಸು ಹೇಗೆ ಕಾರಣವಾದೀತು?

ಇಲ್ಲಿನ ವಿದ್ಯುತ್ತಿನಿಂದ ಹೀಗಾಗುತ್ತಿರಬಹುದೇ, ಅಥವಾ ನಾನು ಬಾಲ್ಯದಲ್ಲಿ ಆಡಿದ್ದು ಬೇರೆಯದೇ ಮಾರಿಯೋ ಆಗಿತ್ತೇ? ಇನ್ನೂ ಒಂದು ಸಂಶಯವಿದೆ. ಬ್ಯಾಟಲ್ ಸಿಟಿಯನ್ನು ನಾಮ್ಕೊ ಕಂಪನಿಯು 1985ರಲ್ಲಿ ಜಪಾನಿನಲ್ಲಿ ಮಾತ್ರ ಮಾರಿತು ಎಂದು ಇಲ್ಲಿನ ಸಹೋದ್ಯೋಗಿಯೊಬ್ಬರು ಹೇಳಿದರು. ಹಾಗಿದ್ದರೆ ಅದು ದಾವಣಗೆರೆಯ ಮನೆಮನೆಗೆ ಬಂದದ್ದು ಯಾವ ದಾರಿಯಿಂದ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಬೆಸುಗೆಕಡ್ಡಿ

ಬೆಣ್ಣೆನಗರಿಯವರೇ, ನಿಮ್ಮ ಬೆರಳಿನದು ಏನೂ ತಪ್ಪಿಲ್ಲ. ನೀವು ಬಾಲ್ಯದಲ್ಲಿ ಆಡಿದ ಮಾರಿಯೋ ನಿಜವಾಗಿಯೂ ನಿಧಾನವಾಗಿದ್ದ, ಮತ್ತು ಎಷ್ಟು ನಿಧಾನವೆಂದು ಲೆಕ್ಕ ಹಾಕಿಯೂ ಹೇಳಬಹುದು.

ಮನೆಯ ವಿದ್ಯುತ್ತಿಗೂ ಇದಕ್ಕೂ ಸಂಬಂಧವಿಲ್ಲ. ಜಪಾನಿನ ಪೂರ್ವಭಾಗದಲ್ಲಿ, ಅಂದರೆ ನೀವಿರುವ ಯೊಕೊಹಾಮಾದಲ್ಲಿಯೂ ಟೋಕಿಯೊದಲ್ಲಿಯೂ, ವಿದ್ಯುತ್ತು ನಮ್ಮಲ್ಲಿರುವಂತೆಯೇ 50 ಹರ್ಟ್ಸ್. ಒಸಾಕಾದ ಕಡೆ 60. ಆದರೆ ಟಿವಿ ಚಿತ್ರದ ಪದ್ಧತಿ ಇಡೀ ದೇಶಕ್ಕೆ ಒಂದೇ ಆಗಿತ್ತು. ಎನ್‌ಟಿಎಸ್‌ಸಿ ಎಂಬ ಆ ಪದ್ಧತಿಯಲ್ಲಿ ಪರದೆಯು ಸೆಕೆಂಡಿಗೆ 60 ಸಲ ಹೊಸದಾಗಿ ಚಿತ್ರಿತವಾಗುತ್ತದೆ. ಭಾರತದ ಟಿವಿಗಳು ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಇದು 50 ಸಲ. ಫ್ಯಾಮಿಕಾಮ್‌ನ ಆಟಗಳಿಗೆ ಗಡಿಯಾರವೆಂದರೆ ಈ ಪರದೆಯೇ: ಒಂದು ಚಿತ್ರ ಮುಗಿದು ಮುಂದಿನದು ಆರಂಭವಾಗುವ ನಡುವಣ ಬಿಡುವಿನಲ್ಲಿ ಆಟವು ಮಾರಿಯೋನನ್ನು ಒಂದು ಹೆಜ್ಜೆ ಮುಂದಕ್ಕಿಡುತ್ತದೆ, ವೈರಿಗಳನ್ನು ಸರಿಸುತ್ತದೆ, ಸಂಗೀತವನ್ನೂ ಒಂದು ಮಾತ್ರೆ ಮುಂದೆ ನಡೆಸುತ್ತದೆ. ಸೆಕೆಂಡಿಗೆ 60 ಹೆಜ್ಜೆ ಇಡಬೇಕಾದವನು 50 ಇಟ್ಟರೆ ಇಡೀ ಲೋಕವೇ ಆರರಲ್ಲಿ ಐದು ಪಾಲಿನ ವೇಗಕ್ಕೆ ಇಳಿಯುತ್ತದೆ. ನಮ್ಮ ಮಾರುಕಟ್ಟೆಗೆ ಬಂದ ಟಿವಿ ಗೇಮ್‌ಗಳು ಫ್ಯಾಮಿಕಾಮ್‌ನ ನಕಲುಗಳು. ಅವು ನಮ್ಮ ಟಿವಿಗಳಿಗೆ ಹೊಂದುವಂತೆ 50ರ ಲೆಕ್ಕದಲ್ಲಿ ಚಿತ್ರ ಕಳಿಸುತ್ತಿದ್ದವು, ಒಳಗಿದ್ದ ಆಟಗಳು ಮಾತ್ರ 60ರ ಲೆಕ್ಕದಲ್ಲಿ ಬರೆದವಾಗಿದ್ದವು.

ನಿಂಟೆಂಡೊ ಕಂಪನಿಯು ಯುರೋಪಿಗೆಂದು ಸೂಪರ್ ಮಾರಿಯೋವನ್ನು ಹೊರತಂದಾಗ ಪಾತ್ರಗಳ ವೇಗವನ್ನು ಅಲ್ಲಿನ 50ರ ಪದ್ಧತಿಗೆ ತಕ್ಕಂತೆ ತಿದ್ದಿತು. ನಮಗೆ ಬಂದ ನಕಲಿ ಕ್ಯಾಸೆಟ್‌ಗಳಲ್ಲಿ ಇಂಥ ತಿದ್ದುಪಡಿ ಮಾಡುವವರು ಯಾರೂ ಇರಲಿಲ್ಲ. ಆದರೆ ಆ ನಕಲಿ ಯಂತ್ರಗಳನ್ನು ರೂಪಿಸಿದವರ ಜಾಣ್ಮೆಯನ್ನೂ ಹೇಳಲೇಬೇಕು. ತೈವಾನಿನ ಯುಎಂಸಿ ಕಂಪನಿಯ ಚಿಪ್‌ಗಳಿದ್ದ ಈ ಯಂತ್ರಗಳಲ್ಲಿ ಪ್ರೊಸೆಸರು 1.77 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿತ್ತು. ಜಪಾನಿನ ಮೂಲ ಯಂತ್ರದ್ದು 1.79, ಯುರೋಪಿನ ಅಧಿಕೃತ ಯಂತ್ರದ್ದು 1.66. ಸ್ವರದ ಎತ್ತರವನ್ನು ನಿರ್ಧರಿಸುವುದು ಈ ಪ್ರೊಸೆಸರಿನ ವೇಗ. ಹಾಡಿನ ನಡೆಯನ್ನು ನಿರ್ಧರಿಸುವುದು ಪರದೆಯ ವೇಗ. ಆದ್ದರಿಂದ ನಮ್ಮ ಯಂತ್ರದಲ್ಲಿ ಹಾಡು ಶ್ರುತಿ ತಪ್ಪದೆ ಲಯ ಮಾತ್ರ ತಗ್ಗಿತು. ಇದಲ್ಲದೆ, ಪಾಲ್ ಪರದೆಯಲ್ಲಿ ಹೆಚ್ಚುವರಿಯಾಗಿ ಬರುವ ಗೆರೆಗಳ ಕಾಲವನ್ನು ಮೊದಲು ಸುಮ್ಮನೆ ಕಳೆದು, ಅನಂತರ ಜಪಾನಿನ ಯಂತ್ರದಲ್ಲಿ ಸಿಗುವಷ್ಟೇ ಅವಧಿಯ ಬಿಡುವನ್ನು ಆಟಕ್ಕೆ ಕೊಡುವಂತೆ ಚಿತ್ರದ ಚಿಪ್ಪನ್ನು ರಚಿಸಿದ್ದರು. ಹೀಗಾಗಿ, ಕಾಲದ ಲೆಕ್ಕದಲ್ಲಿ ಸೂಕ್ಷ್ಮವಾಗಿರುವ ಎಷ್ಟೋ ಜಪಾನಿ ಆಟಗಳು ಯುರೋಪಿನ ಅಧಿಕೃತ ಯಂತ್ರಕ್ಕಿಂತ ಈ ನಕಲಿ ಯಂತ್ರದಲ್ಲಿಯೇ ಚೆನ್ನಾಗಿ ನಡೆಯುತ್ತವೆ. ರಷ್ಯಾದಲ್ಲಿ 1992ರಿಂದ ಡೆಂಡಿ ಎಂಬ ಹೆಸರಿನಲ್ಲಿ ಮಾರಾಟವಾದದ್ದು ಇದೇ ಜಾತಿಯ ಯಂತ್ರ. ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಈಗಿನ ಎಮ್ಯುಲೇಟರುಗಳಲ್ಲಿ ಈ ಬಗೆಯ ಕಾಲಗಣನೆಗೆ ‘ಡೆಂಡಿ’ ಎಂಬ ಪ್ರತ್ಯೇಕ ಆಯ್ಕೆಯೇ ಇದೆ.

ನಾದ ಬೇರೆಯಾಗಿ ಕೇಳಿಸುವುದಕ್ಕೆ ಕಾರಣ ಬೇರೆ. ಫ್ಯಾಮಿಕಾಮ್ ರಾಗ ನುಡಿಸುವುದು ಮುಖ್ಯವಾಗಿ ಎರಡು ಚೌಕ ತರಂಗಗಳಲ್ಲಿ. ತರಂಗವು ಒಂದು ಆವರ್ತದಲ್ಲಿ ಎಷ್ಟು ಪಾಲು ಮೇಲಿರುತ್ತದೆ ಎಂಬುದರ ಮೇಲೆ ಅದರ ನಾದ ಮೊನಚಾಗಿಯೋ ತುಂಬಾಗಿಯೋ ಕೇಳುತ್ತದೆ. ಅನೇಕ ನಕಲಿ ಚಿಪ್‌ಗಳಲ್ಲಿ ಶೇಕಡಾ 25 ಮತ್ತು 50ರ ಆಯ್ಕೆಗಳು ಪರಸ್ಪರ ಅದಲುಬದಲಾಗಿದ್ದವು. ಸಂಗೀತಗಾರನು ತುಂಬುನಾದ ಬಯಸಿದಲ್ಲಿ ನಮಗೆ ಮೊನಚು ಕೇಳಿಸಿತು, ಮೊನಚು ಬಯಸಿದಲ್ಲಿ ತುಂಬುನಾದ. ನಿಮ್ಮ ಮನೆಯ ಯಂತ್ರದಲ್ಲಿ ಇದ್ದದ್ದು ಇದೇ ಚಿಪ್ಪೇ ಎಂಬುದನ್ನು ತೆರೆದು ನೋಡಿಯೇ ಹೇಳಬೇಕು, ಆದರೆ ನೀವು ವಿವರಿಸಿದ ಲಕ್ಷಣ ಅದರದ್ದೇ.

ಪರೀಕ್ಷಿಸುವುದು ಸುಲಭ. ಮಾರಿಯೋನ ಮೊದಲ ಹಂತದಲ್ಲಿ ಮೇಲೆ ಮೂಲೆಯಲ್ಲಿರುವ ಕಾಲಸೂಚಕ 400ರಿಂದ ಆರಂಭವಾಗಿ, ಪರದೆಯು 24 ಸಲ ಚಿತ್ರಿತವಾದಾಗಲೆಲ್ಲ ಒಂದೊಂದಾಗಿ ಇಳಿಯುತ್ತದೆ. ಹಾಗಾಗಿ ಮಾರಿಯೋನನ್ನು ಯಾರೂ ಮುಟ್ಟದ ಜಾಗದಲ್ಲಿ ನಿಲ್ಲಿಸಿ ಕಾಲ ಪೂರ್ತಿ ಮುಗಿಯಲು ಬಿಟ್ಟರೆ ನಿಮ್ಮ ಫ್ಯಾಮಿಕಾಮ್‌ನಲ್ಲಿ ಸುಮಾರು 160 ಸೆಕೆಂಡು ಹಿಡಿಯಬೇಕು, ದಾವಣಗೆರೆಯ ಯಂತ್ರದಲ್ಲಾದರೆ 192 ಸೆಕೆಂಡು. ಅಣ್ಣನವರ ಬಳಿ ಅದು ಇನ್ನೂ ಇದ್ದರೆ ಅಳತೆ ಮಾಡಿಸಿ ನೋಡಿ.

ಉತ್ತರ: ಸಂತೆಪೆಟ್ಟಿಗೆ

ಮೊದಲ ಪ್ರಶ್ನೆಗೆ ಮೇಲಿನವರು ಚೆನ್ನಾಗಿ ಉತ್ತರಿಸಿದ್ದಾರೆ. ಎರಡನೆಯದರ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಜಪಾನಿನ ಫ್ಯಾಮಿಕಾಮ್‌ಗೆ ಬೀಗವಿರಲಿಲ್ಲ. ನಿಂಟೆಂಡೊ 1985ರಲ್ಲಿ ಅಮೆರಿಕಕ್ಕೆ ಅದೇ ಯಂತ್ರವನ್ನು ಎನ್‌ಇಎಸ್ ಎಂಬ ಹೆಸರಿನಲ್ಲಿ ಒಯ್ದಾಗ ಕ್ಯಾಸೆಟ್ಟಿನ ಪಿನ್ನುಗಳನ್ನು 60ರಿಂದ 72ಕ್ಕೆ ಏರಿಸಿ, ಯಂತ್ರದೊಳಗೊಂದು ಮತ್ತು ಕ್ಯಾಸೆಟ್ಟಿನೊಳಗೊಂದು ಕಾವಲು ಚಿಪ್ಪನ್ನು ಇಟ್ಟಿತು. ಅವೆರಡೂ ಪರಸ್ಪರ ಒಪ್ಪದಿದ್ದರೆ ಯಂತ್ರವು ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು. 60 ಪಿನ್ನಿನ ಜಪಾನಿ ಯಂತ್ರಕ್ಕೆ ಇಂಥ ತೊಡಕು ಇಲ್ಲದ ಕಾರಣ ನಕಲು ಮಾಡುವವರೆಲ್ಲ ಅದನ್ನೇ ಹಿಡಿದರು, ಮತ್ತು ಜಪಾನಿ ಯಂತ್ರವನ್ನು ನಕಲು ಮಾಡಿದ ಮೇಲೆ ಅದಕ್ಕೆ ತುಂಬುವ ಆಟಗಳೂ ಸಹಜವಾಗಿ ಜಪಾನಿನವೇ ಆದವು. ಭಾರತದಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್ ಮೊದಲಾದ ಹೆಸರುಗಳಲ್ಲಿ ಮಾರಾಟವಾದವುಗಳ ಬೇರು ಇಲ್ಲಿದೆ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಎಸ್.ಪಿ. ರೋಡಿನಲ್ಲೋ ಚೌಕಾಸಿ ಮಾಡಿ ಕೊಂಡ ನಮಗೆ ಅದು ಜಪಾನಿನ ಸರಕು ಎಂಬ ಕಲ್ಪನೆಯೂ ಇರಲಿಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲವೆನಿಸುವುದು ಯಾವ ಆಟಗಳು ಬಂದವು, ಯಾವುವು ಬರಲಿಲ್ಲ ಎಂಬುದು. ನಮ್ಮ ಬಾಲ್ಯದ ಆಟಗಳನ್ನು ನಮಗಾಗಿ ಆರಿಸಿದ್ದು ಯಾರ ಅಭಿರುಚಿಯೂ ಅಲ್ಲ, ಮೆಮೊರಿ ಚಿಪ್ಪಿನ ಬೆಲೆ. ಬ್ಯಾಟಲ್ ಸಿಟಿ, ಸರ್ಕಸ್ ಚಾರ್ಲಿಗಳ ಗಾತ್ರ ತಲಾ 24 ಕಿಲೋಬೈಟ್. ಸೂಪರ್ ಮಾರಿಯೋ 40. ಇವುಗಳಿಗೆ ಕ್ಯಾಸೆಟ್ಟಿನಲ್ಲಿ ಬೇರಾವ ಸಹಾಯಕ ಚಿಪ್ಪೂ ಬೇಕಿಲ್ಲ, ಒಂದೇ ಹಲಗೆಯ ಮೇಲೆ ಹಲವನ್ನು ಅಗ್ಗವಾಗಿ ತುಂಬಬಹುದು. 1988ರ ಸೂಪರ್ ಮಾರಿಯೋ 3 ಒಂದೇ 384 ಕಿಲೋಬೈಟ್ ನುಂಗುತ್ತದೆ, ಅದರ ಮೇಲೆ ಸಹಾಯಕ ಚಿಪ್ಪನ್ನೂ ಕೇಳುತ್ತದೆ. ಆದ್ದರಿಂದಲೇ ಲಕ್ಷಗಟ್ಟಲೆ ಆಟಗಳಿವೆ ಎಂದು ಹೇಳಿಕೊಳ್ಳುತ್ತಿದ್ದ ಆ ಕ್ಯಾಸೆಟ್ಟುಗಳಲ್ಲಿ 1984ರಿಂದ 1986ರವರೆಗಿನ ಪುಟ್ಟ ಜಪಾನಿ ಆಟಗಳೇ ತುಂಬಿರುತ್ತಿದ್ದವು: ಎಫ್1 ರೇಸ್, ನಟ್ಸ್ ಆ್ಯಂಡ್ ಮಿಲ್ಕ್, ಬೈನರಿ ಲ್ಯಾಂಡ್, ಲೋಡ್ ರನ್ನರ್, ರೋಡ್ ಫೈಟರ್, ಪೆಂಗ್ವಿನ್ ಓಡುವ ಅಂಟಾರ್ಕ್ಟಿಕ್ ಅಡ್ವೆಂಚರ್. (ಲಕ್ಷದ ಲೆಕ್ಕ ಹೇಗೆಂದರೆ, ಅದೇ ಆಟವನ್ನು ಎರಡನೆಯ ಹಂತದಿಂದಲೋ ಹೆಚ್ಚು ಲೈಫ್‌ಗಳೊಂದಿಗೋ ಆರಂಭಿಸಿ ಪಟ್ಟಿಯಲ್ಲಿ ಇನ್ನೊಂದು ಸಂಖ್ಯೆ ಕೊಡುವುದು. ಪಟ್ಟಿಯ ಕೊನೆಯವರೆಗೆ ಹೋಗಿ ಹೊಸತೇನಾದರೂ ಇದೆಯೇ ಎಂದು ಹುಡುಕದ ಮಕ್ಕಳು ಇದ್ದಾರೆಯೇ!) ಇವುಗಳಲ್ಲಿ ಹಲವು ಫ್ಯಾಮಿಕಾಮ್ ಆವೃತ್ತಿಗಳನ್ನು ಅಮೆರಿಕದ ಮಕ್ಕಳು ನೋಡಿಯೇ ಇಲ್ಲ. ಅವರಲ್ಲಿ ಈಗ ಹಣ ಕೊಟ್ಟು ಜಪಾನಿನಿಂದ ತರಿಸಿಕೊಳ್ಳುವವರಿಗೆ ‘ಅಪರೂಪ’ವಾಗಿರುವುದು ನಮ್ಮಲ್ಲಿ ಬೀದಿಯ ಪ್ರತಿ ಮನೆಯಲ್ಲೂ ಇತ್ತು.

ಇನ್ನು ಬಾರದೇ ಉಳಿದವು. ಜಪಾನಿನಲ್ಲಿ ಫ್ಯಾಮಿಕಾಮ್ ಕಾಲವನ್ನು ನೆನೆಯುವವರು ಮೊದಲು ಹೇಳುವುದು ಡ್ರ್ಯಾಗನ್ ಕ್ವೆಸ್ಟ್ ಎಂಬ, ಮಾತುಗಳನ್ನು ಓದುತ್ತ ಕಥೆ ಸಾಗಿಸುವ ಆಟದ ಹೆಸರನ್ನು. 1988ರ ಫೆಬ್ರುವರಿ 10ರ ಬುಧವಾರ ಅದರ ಮೂರನೆಯ ಭಾಗ ಮಾರಾಟಕ್ಕೆ ಬಂದಾಗ ಅಂಗಡಿಗಳ ಮುಂದೆ ನಸುಕಿನಿಂದ ಸಾಲು ನಿಂತಿತ್ತು, ಶಾಲೆ ತಪ್ಪಿಸಿ ಬಂದಿದ್ದ ಮಕ್ಕಳನ್ನು ಪೊಲೀಸರು ಹಿಡಿದು ಕಳಿಸಬೇಕಾಯಿತು. ನಾಲ್ಕನೆಯ ಭಾಗವನ್ನು 1990ರಲ್ಲಿ ಭಾನುವಾರ ಬಿಡುಗಡೆ ಮಾಡಿದರು. ಇಂಥ ಮಾತಿನ ಆಟಗಳು ನಮ್ಮ ಕ್ಯಾಸೆಟ್ಟುಗಳಿಗೆ ಬರಲಿಲ್ಲ. ಬರಹವೆಲ್ಲ ಜಪಾನಿ ಭಾಷೆಯಲ್ಲಿತ್ತು, ಆಟವನ್ನು ಉಳಿಸಿಡಲು ಮೂರನೆಯ ಭಾಗಕ್ಕೆ ಬ್ಯಾಟರಿಯೂ ಬೇಕಿತ್ತು, ನಕಲು ಮಾಡುವವನಿಗೆ ಇದರಲ್ಲಿ ಲಾಭವಿರಲಿಲ್ಲ. ನಾವೂ ಜಪಾನಿನ ಮಕ್ಕಳೂ ಒಂದೇ ಯಂತ್ರವನ್ನು ಆಡಿ ಬೆಳೆದರೂ ಅವರ ನೆನಪು ದೀರ್ಘ ಕಥೆಗಳದ್ದು, ನಮ್ಮದು ಓಟ, ನೆಗೆತ, ಗುಂಡುಗಳದ್ದು.

ನೀವು ಅಲ್ಲಿಯೇ ಇರುವುದರಿಂದ ಒಂದು ಮಾತು: ಕೊಳ್ಳುವಾಗ ಕ್ಯಾಸೆಟ್ಟಿನ ಹಿಂಭಾಗವನ್ನು ನೋಡಿ. ಗೆಳೆಯರ ನಡುವೆ ಅದಲುಬದಲಾಗುವಾಗ ಕಳೆದುಹೋಗದಿರಲೆಂದು ಅಂದಿನ ಮಕ್ಕಳು ಮಾರ್ಕರ್ ಪೆನ್ನಿನಿಂದ ತಮ್ಮ ಹೆಸರು, ತರಗತಿ ಬರೆದಿಟ್ಟಿರುತ್ತಾರೆ. ಅಂಥವು ಅಗ್ಗವಾಗಿಯೂ ಸಿಗುತ್ತವೆ. ನಾನಂತೂ ಹೆಸರಿಲ್ಲದ ಶುಭ್ರ ಕ್ಯಾಸೆಟ್ಟಿಗಿಂತ ಅಂಥದ್ದನ್ನೇ ಆರಿಸುತ್ತೇನೆ.

ಉತ್ತರ: ಒಂಟಿಕೊಪ್ಪಲು

ಸಂತೆಪೆಟ್ಟಿಗೆಯವರು ಮಾತಿನ ಆಟಗಳನ್ನು ಎತ್ತಿದ್ದರಿಂದ ನಾನೂ ಸ್ವಲ್ಪ ಸೇರಿಸುತ್ತೇನೆ. ಮೈಸೂರಿನಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದಾಗ ಓದಿನ ಅಭ್ಯಾಸಕ್ಕೆಂದು ಈ ಆಟಗಳನ್ನು ತರಿಸಿಕೊಳ್ಳತೊಡಗಿದವಳು ನಾನು. ಬಾಲ್ಯದ ನೆನಪು ನನ್ನನ್ನು ಇವುಗಳ ಬಳಿಗೆ ತಂದದ್ದಲ್ಲ. ಹಾಗಾಗಿ ನನ್ನ ಮಾತಿನಲ್ಲಿ ಭಾವುಕತೆ ಕಡಿಮೆ ಇದ್ದರೆ ಕ್ಷಮಿಸಿ.

ಬೆಣ್ಣೆನಗರಿಯವರಿಗೆ ನನ್ನ ಸಲಹೆಯೆಂದರೆ, ಜಪಾನಿನಲ್ಲಿದ್ದುಕೊಂಡು ಬರೀ ದಾವಣಗೆರೆಯಲ್ಲಿ ಆಡಿದ್ದನ್ನೇ ಮತ್ತೆ ಆಡಬೇಡಿ. ಫ್ಯಾಮಿಕಾಮ್‌ನ ಬರಹ ಹೊಸಬರಿಗೆ ಅನುಕೂಲಕರವಾದದ್ದು. ಪರದೆಯ ಒಂದು ಅಕ್ಷರಕ್ಕೆ ಸಿಗುತ್ತಿದ್ದ ಜಾಗ 8 ಅಡ್ಡ, 8 ಉದ್ದದ ಚುಕ್ಕೆಗಳ ಚೌಕ. ಅದರಲ್ಲಿ ಚೀನೀ ಮೂಲದ ಜಟಿಲ ಅಕ್ಷರಗಳಾದ ಕಾಂಜಿ ಹಿಡಿಸುವುದಿಲ್ಲ, ಮೆಮೊರಿಯೂ ಸಾಲದು. ಆದ್ದರಿಂದ ಬಹುತೇಕ ಆಟಗಳು ಹಿರಗಾನ, ಕತಕಾನ ಎಂಬ ಸರಳ ಉಚ್ಚಾರಣಾ ಲಿಪಿಗಳಲ್ಲಿ ಮಾತ್ರ ಇವೆ, ಪದಗಳ ನಡುವೆ ತೆರಪನ್ನೂ ಬಿಟ್ಟಿರುತ್ತಾರೆ. ಕ್ರಿಯಾಪದ ಕೊನೆಗೆ ಬರುವುದು, ನಾಮಪದದ ಹಿಂದೆ ವಿಭಕ್ತಿಯಂಥ ಪ್ರತ್ಯಯ ಹತ್ತುವುದು ಕನ್ನಡಿಗರಿಗೆ ಹೊಸತಲ್ಲ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡರೆ 1986ರ ಮೊದಲ ಡ್ರ್ಯಾಗನ್ ಕ್ವೆಸ್ಟ್ ನಿಮಗೆ ಖಂಡಿತ ಸಾಧ್ಯ. ಅದರಲ್ಲಿ ಬ್ಯಾಟರಿಯಿಲ್ಲ. ಆಟ ನಿಲ್ಲಿಸುವಾಗ ರಾಜನು 20 ಹಿರಗಾನ ಅಕ್ಷರಗಳ ಮಂತ್ರವೊಂದನ್ನು ಹೇಳುತ್ತಾನೆ, ಅದನ್ನು ಬರೆದಿಟ್ಟುಕೊಂಡು ಮರುದಿನ ತಪ್ಪಿಲ್ಲದೆ ತುಂಬಬೇಕು. ಎರಡನೆಯ ಭಾಗದಲ್ಲಿ ಈ ಮಂತ್ರ 52 ಅಕ್ಷರಗಳವರೆಗೆ ಬೆಳೆಯುತ್ತದೆ. ಒಂದಕ್ಷರ ತಪ್ಪಿದರೆ ಇಡೀ ದಿನದ ಶ್ರಮ ಹೋಯಿತು. ಹಿರಗಾನವನ್ನು ಅಂದವಾಗಿ ಬರೆಯಲು ಇದಕ್ಕಿಂತ ಕಟ್ಟುನಿಟ್ಟಾದ ಗುರುವನ್ನು ನಾನು ಕಂಡಿಲ್ಲ.

ಮೂಲದಲ್ಲಿ ಆಡುವುದರ ಬೆಲೆ ಇನ್ನೊಂದಿದೆ. 1990ರ ಫೈನಲ್ ಫ್ಯಾಂಟಸಿ 3 ಜಪಾನಿನ ಹೊರಗೆ ಅಧಿಕೃತವಾಗಿ ಬಂದದ್ದು 2006ರಲ್ಲಿ, ಅದೂ ಪೂರ್ತಿ ಹೊಸ ರೂಪದಲ್ಲಿ. ಫ್ಯಾಮಿಕಾಮ್‌ನ ನಂತರದ ಯಂತ್ರವಾದ ಸೂಪರ್ ಫ್ಯಾಮಿಕಾಮ್‌ನ 1994ರ ಲೈವ್ ಎ ಲೈವ್ ಆಟವು 2022ರವರೆಗೆ ಕಾಯಿತು. ಕೊನಾಮಿ ಕಂಪನಿಯ ಕಾಂಟ್ರಾವನ್ನೇ ನೋಡಿ: ಜಪಾನಿ ಆವೃತ್ತಿಯಲ್ಲಿ ಆರಂಭದ ಕಥೆ, ಹಂತಗಳ ನಡುವೆ ನಕಾಶೆ, ಗಾಳಿಗೆ ತೂಗುವ ಮರಗಳು ಇವೆ, ಅಮೆರಿಕದ ಕ್ಯಾಸೆಟ್ಟಿನಲ್ಲಿ ಅದಕ್ಕೆ ಬೇಕಾದ ಸಹಾಯಕ ಚಿಪ್ಪು ಇಲ್ಲದ್ದರಿಂದ ಅವೆಲ್ಲ ಬಿಟ್ಟುಹೋದವು. 1989ರ ಅಕುಮಾಜೊ ಡೆನ್‌ಸೆತ್ಸು ಎಂಬ ಆಟದ ಜಪಾನಿ ಕ್ಯಾಸೆಟ್ಟು ತನ್ನದೇ ಚಿಪ್ಪಿನಿಂದ ಇನ್ನೂ ಮೂರು ಸ್ವರಮಾರ್ಗಗಳನ್ನು ಸೇರಿಸುತ್ತದೆ. ಫ್ಯಾಮಿಕಾಮ್‌ನ ಕ್ಯಾಸೆಟ್ ಪಿನ್ನುಗಳಲ್ಲಿ ಧ್ವನಿ ಹಾದುಹೋಗಲು ದಾರಿ ಇರುವುದರಿಂದ ಅದು ಸಾಧ್ಯವಾಯಿತು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅದರ ಮೊದಲ ಹಂತವನ್ನೊಮ್ಮೆ ಕೇಳಿ, ಅನಂತರ ಮಾತಾಡೋಣ.

ಬೆಣ್ಣೆನಗರಿ

ಮೂವರಿಗೂ ಕೃತಜ್ಞತೆಗಳು. ಅಣ್ಣನು ಅಟ್ಟದಿಂದ ಯಂತ್ರವನ್ನು ಇಳಿಸಿ, ಹಳೆಯ ಡಬ್ಬಾ ಟಿವಿಗೆ ಜೋಡಿಸಿ, ನಾನು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿರುವಂತೆಯೇ ಅಳತೆ ಮಾಡಿದ. ಅಲ್ಲಿ ಮೂರು ನಿಮಿಷ ದಾಟಿ ಹನ್ನೆರಡು ಸೆಕೆಂಡು ಆಗುವ ಹೊತ್ತಿಗೆ ಕಾಲ ಮುಗಿಯಿತು, ಇಲ್ಲಿ ಎರಡು ಮುಕ್ಕಾಲು ನಿಮಿಷವೂ ಹಿಡಿಯಲಿಲ್ಲ. ಬೆಸುಗೆಕಡ್ಡಿಯವರ ಲೆಕ್ಕ ಕರಾರುವಾಕ್ಕಾಗಿದೆ. ಆದರೆ ಅಣ್ಣನ ತೀರ್ಪು ಬೇರೆ: ಅವನ ಪ್ರಕಾರ ಸರಿಯಾದ ಮಾರಿಯೋ ದಾವಣಗೆರೆಯವನೇ, ನನ್ನ ಬಳಿ ಇರುವವನಿಗೆ ಯಾರೋ ಬೆನ್ನಟ್ಟಿದ್ದಾರೆ.

ಮುಂದಿನ ರಜೆಯಲ್ಲಿ ಈ ಫ್ಯಾಮಿಕಾಮನ್ನು ಊರಿಗೆ ಒಯ್ದು ಅದೇ ಟಿವಿಯಲ್ಲಿ ಅವನ ಕೈಗೆ ಕೊಡಬೇಕೆಂದಿದ್ದೇನೆ. ಯಂತ್ರ ಸುಡದಂತೆ ಏನೇನು ನೋಡಿಕೊಳ್ಳಬೇಕು? ಬಾತುಕೋಳಿ ಹೊಡೆಯುವ ಆಟವನ್ನು ಗನ್ನಿನ ಸಮೇತ ತರಲು ಅಣ್ಣ ಕೇಳಿದ್ದಾನೆ. ನನ್ನ ಇಲ್ಲಿನ ತೆಳು ಟಿವಿಯಲ್ಲಿ ಅದನ್ನು ಮೊದಲು ಪರೀಕ್ಷಿಸಬಹುದೇ?

ಉತ್ತರ: ಬೆಸುಗೆಕಡ್ಡಿ

ಅಲ್ಲಿನ ಅಡಾಪ್ಟರನ್ನು ದಾವಣಗೆರೆಯ ಪ್ಲಗ್ಗಿಗೆ ಎಂದಿಗೂ ಸಿಕ್ಕಿಸಬೇಡಿ. ಅದು 100 ವೋಲ್ಟಿನದು, ನಮ್ಮದು 230. ಒಂದೋ 230ರಿಂದ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬಳಸಿ, ಅಥವಾ ಇಲ್ಲಿಯೇ 9 ವೋಲ್ಟ್ ಡಿಸಿ, ಒಂದು ಆಂಪಿಯರಿನ ಅಡಾಪ್ಟರ್ ಕೊಳ್ಳಿ. ಮೂಲ ಅಡಾಪ್ಟರಿನ ಮೇಲೆ 10 ವೋಲ್ಟ್, 850 ಮಿಲಿಆಂಪಿಯರ್ ಎಂದಿರುತ್ತದೆ. ಒಳಗೆ ಅದನ್ನು 5 ವೋಲ್ಟಿಗೆ ಇಳಿಸುವ ವ್ಯವಸ್ಥೆ ಇರುವುದರಿಂದ 9 ಸಾಕು. ನೋಡಿಕೊಳ್ಳಬೇಕಾದದ್ದು ಧ್ರುವ. ಫ್ಯಾಮಿಕಾಮ್‌ಗೆ ಪಿನ್ನಿನ ನಡುವೆ ಋಣ, ಹೊರಗೆ ಧನ ಇರಬೇಕು, ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರುಗಳು ಇದಕ್ಕೆ ತಿರುಗಮುರುಗ.

ನೀವು 1993ರ ಮಾದರಿ ಕೊಂಡದ್ದು ಒಳ್ಳೆಯದಾಯಿತು. 1983ರದ್ದು ಆಂಟೆನಾ ತಂತಿಯಲ್ಲಿ ಜಪಾನಿನ ಒಂದನೆಯ ಅಥವಾ ಎರಡನೆಯ ಚಾನೆಲ್ಲಿಗೆ ಚಿತ್ರ ಕಳಿಸುತ್ತದೆ. ಆ ತರಂಗಾಂತರ ಸುಮಾರು 91ರಿಂದ 97 ಮೆಗಾಹರ್ಟ್ಸ್‌ನಲ್ಲಿದ್ದು, ನಮ್ಮಲ್ಲಿ ಅಲ್ಲಿ ಎಫ್‌ಎಂ ರೇಡಿಯೊ ಇದೆ. ನಮ್ಮ ಟಿವಿಗಳ ಚಾನೆಲ್ ಹುಡುಕಾಟದಲ್ಲಿ ಅದು ಸಾಮಾನ್ಯವಾಗಿ ಸಿಗುವುದೇ ಇಲ್ಲ. ಎವಿ ಮಾದರಿಗೆ ಆ ತಾಪತ್ರಯವಿಲ್ಲ, ಆದರೆ ಅಣ್ಣನವರ ಟಿವಿ ಎನ್‌ಟಿಎಸ್‌ಸಿ ಚಿತ್ರವನ್ನು ಒಪ್ಪುವುದೇ ಎಂದು ಮೆನುವಿನಲ್ಲಿ ನೋಡಿಸಿ. ಒಪ್ಪದಿದ್ದರೆ ಚಿತ್ರ ಕಪ್ಪು-ಬಿಳುಪಾಗಿ ಬರಬಹುದು ಅಥವಾ ಉರುಳಬಹುದು. ಯಂತ್ರಕ್ಕೆ ಅದರಿಂದ ಅಪಾಯವಿಲ್ಲ.

ಗನ್ ಬಗ್ಗೆ: ತೆಳು ಟಿವಿಯಲ್ಲಿ ಪರೀಕ್ಷೆ ಸಾಧ್ಯವಿಲ್ಲ. ಟ್ರಿಗರ್ ಒತ್ತಿದ ಕ್ಷಣ ಆಟವು ಪರದೆಯನ್ನು ಕಪ್ಪಾಗಿಸಿ, ಬಾತುಕೋಳಿ ಇದ್ದಲ್ಲಿ ಬಿಳಿಯ ಚೌಕವನ್ನು ತೋರಿಸುತ್ತದೆ. ಗನ್ನಿನ ಕಣ್ಣು ಆ ಬೆಳಕನ್ನು ಅದೇ ಚಿತ್ರದ ಅವಧಿಯೊಳಗೆ ಕಂಡರೆ ಮಾತ್ರ ಏಟು ಬಿದ್ದಂತೆ. ಹೊಸ ಟಿವಿಗಳು ಚಿತ್ರವನ್ನು ಸಂಸ್ಕರಿಸಿ ತಡವಾಗಿ ತೋರಿಸುವುದರಿಂದ ಎಷ್ಟು ಗುರಿಯಿಟ್ಟು ಹೊಡೆದರೂ ತಪ್ಪುತ್ತದೆ, ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಮಾತ್ರ ನಡೆಯುತ್ತದೆ. ಹಾಗಾಗಿ ಅಂಗಡಿಯಲ್ಲಿ ಪರೀಕ್ಷಿಸಿ ಕೊಡುವವರಿದ್ದರೆ ಅಲ್ಲಿಂದಲೇ ತನ್ನಿ. ಫ್ಯಾಮಿಕಾಮ್‌ನ ಗನ್ನು ರಿವಾಲ್ವರಿನ ಆಕಾರದ್ದು, ಅದಕ್ಕೆ 15 ಪಿನ್ನಿನ ಪ್ಲಗ್ ಇರುತ್ತದೆ. ದಾವಣಗೆರೆಯ ಹಳೆಯ ಯಂತ್ರದ ಸಾಕೆಟ್ಟು 9 ಪಿನ್ನಿನದಾಗಿದ್ದರೆ ಅದಕ್ಕೆ ಇದು ಕೂರುವುದಿಲ್ಲ. ವಿಮಾನದಲ್ಲಿ ಅದನ್ನು ಕೈಚೀಲದಲ್ಲಿ ಇಡದೆ ಲಗೇಜಿಗೆ ಹಾಕಿ, ಇಲ್ಲದಿದ್ದರೆ ಭದ್ರತಾ ತಪಾಸಣೆಯವರಿಗೆ ಇಷ್ಟನ್ನೆಲ್ಲ ನೀವು ಮೊದಲಿನಿಂದ ವಿವರಿಸಬೇಕಾದೀತು.